ಅತ್ತೆಯ ಕಾರ್ಡು, ನನ್ನ ಕೈ

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಯಾವ ಹೆಂಗಸನ್ನಾದರೂ ನಿಲ್ಲಿಸಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಬರುವ ಉತ್ತರ ಒಂದೇ ಆಗಿತ್ತು. "ಏನಿಲ್ರಿ, ಮನ್ಯಾಗ ಇರ್ತೀನಿ. ಬೀಡಿ ಕಟ್ಟತೀನಿ." ಬೆಳಿಗ್ಗೆ ರೊಟ್ಟಿ ಬಡಿದು ಒಲೆ ಆರಿಸಿ ಮೊರ ತೊಡೆಯ ಮೇಲಿಟ್ಟುಕೊಂಡು ಕುಳಿತರೆ ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದೆವು. ಆದರೂ ಏನಿಲ್ರಿ. ಗಂಡಸರು ಅರ್ಧ ದಿನ ಮೂಟೆ ಹೊತ್ತು ಬಂದು ಕಟ್ಟೆಗೆ ಬೆನ್ನು ಹಚ್ಚಿದರೆ ಅದು ದುಡಿಮೆ. ಹೀಗಾಗಿ ನಮ್ಮ ಬೀಡಿ ಶಾಖೆ ಮುಚ್ಚಿದಾಗ ನಾವು ಕೆಲಸ ಕಳೆದುಕೊಂಡಿದ್ದೇವೆ ಎಂಬುದು ನಮಗೇ ಹೊಳೆಯಲು ಕೆಲವು ದಿನ ಹಿಡಿಯಿತು. ಇಲ್ಲ ಎಂದು ಹೇಳಿಕೊಂಡು ಬಂದದ್ದನ್ನು ಕಳೆದುಕೊಂಡೆವು ಎಂದು ಯಾವ ಬಾಯಿಂದ ಹೇಳುವುದು?

ಮುಚ್ಚಿದ್ದರಲ್ಲಿ ಗದ್ದಲವೇನೂ ಇರಲಿಲ್ಲ. ಸೇದುವವರು ಕಡಿಮೆಯಾಗಿದ್ದಾರೆ, ಇನ್ನು ಕಂಪನಿಯಿಂದ ಎಲೆ ಬರುವುದಿಲ್ಲ ಎಂದು ಗುಮಾಸ್ತ ಹೇಳಿದ, ಬಾಗಿಲಿಗೆ ಬೀಗ ಬಿತ್ತು. ಸೇದುವವರು ಕಡಿಮೆಯಾದರೆ ಒಳ್ಳೆಯದೇ. ನಾನೇನು ತಂಬಾಕಿನ ಗುಣಗಾನ ಮಾಡುವವಳಲ್ಲ, ಅದರ ಘಾಟು ಇನ್ನೂ ನನ್ನ ಎದೆಯಲ್ಲಿದೆ. ಮಗಳು ಸಣ್ಣವಳಿದ್ದಾಗ "ಅವ್ವಾ, ನಿನ್ನ ಕೈ ವಾಸನಿ ಬರತೈತಿ" ಎಂದು ತುತ್ತಿಗೆ ಮುಖ ತಿರುಗಿಸುತ್ತಿದ್ದಳು. ಆದರೂ ಮರುದಿನ ಬೆಳಿಗ್ಗೆ ಕುಳಿತವಳಿಗೆ ತೊಡೆ ಖಾಲಿ ಅನ್ನಿಸಿತು. ಯಾರ ಜೊತೆಗಾದರೂ ಮಾತಾಡುತ್ತ ಕುಳಿತರೆ ನನಗೆ ಗೊತ್ತಿಲ್ಲದಂತೆ ಸೆರಗಿನ ಅಂಚನ್ನೇ ಸುರುಳಿ ಸುತ್ತುತ್ತಿದ್ದೆ.

ನಾನು ಅಕ್ಕೋಳದವಳು. ಹತ್ತನೆಯ ಇಯತ್ತೆ ಪಾಸಾಗಿ, ಎರಡು ಎಮ್ಮೆಯ ಸೆಗಣಿ ಬಳಿದುಕೊಂಡಿದ್ದವಳನ್ನು ತಂದು ಈ ಮನೆಗೆ ಕೊಟ್ಟರು. ಬೀಡಿ ಮುಟ್ಟಿದ್ದು ಮದುವೆಯ ನಂತರ, ಕಲಿಸಿದ್ದು ಅತ್ತೆ. ಬೀಡಿ ಕಟ್ಟುವವರಿಗೆ ಒಂದು ಗುರುತಿನ ಕಾರ್ಡು ಇರುತ್ತದೆ. ಕಾರ್ಡು ತೋರಿಸಿದರೆ ಶಾಖೆಯಲ್ಲಿ ಎಲೆ, ತಂಬಾಕು ಕೊಡುತ್ತಾರೆ. ಜಡ್ಡಾದರೆ ಬೀಡಿ ಕೆಲಸದವರ ದವಾಖಾನೆಯಲ್ಲಿ ಔಷಧ ಸಿಗುತ್ತದೆ. ನಮ್ಮ ಮನೆಯ ಕಾರ್ಡು ಅತ್ತೆಯ ಹೆಸರಿನದು. ನಾನು ಬಂದ ಮರುವರ್ಷವೇ ಅವರ ಬೆರಳಿನ ಗೆಣ್ಣು ಬಾತು ನೂಲು ಹಿಡಿಯಲಾಗದಂತಾಯಿತು, ಕಣ್ಣಿಗೆ ಪೊರೆ ಕವಿಯತೊಡಗಿತು. ಹೊಸ ಕಾರ್ಡು ಮಾಡಿಸುವುದೆಂದರೆ ಹತ್ತು ಬಾಗಿಲು ತಿರುಗಬೇಕು. ಹಾಗಾಗಿ ಕಾರ್ಡು ಅವರ ಹೆಸರಿನಲ್ಲೇ ಉಳಿಯಿತು, ಮೊರ ನನ್ನ ತೊಡೆಗೆ ಬಂತು. ನಾನು ಕಟ್ಟುವುದು, ಅವರು ಬುಟ್ಟಿ ಹೊತ್ತು ಶಾಖೆಗೆ ಒಯ್ದು ಕೊಡುವುದು. ಹೀಗೆ ಹದಿನಾಲ್ಕು ವರ್ಷ.

ಇದು ನಮ್ಮ ಮನೆಯೊಂದರ ಗುಟ್ಟು ಎಂದುಕೊಳ್ಳಬೇಡಿ. ಓಣಿಯ ತುಂಬ ಹೀಗೆಯೇ, ಕಾರ್ಡು ಅತ್ತೆಯದು, ಕೈ ಸೊಸೆಯದು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಮನೆಯ ಹಿರಿಯಳಿಗೆ ಕೈಲಾಗುವುದಿಲ್ಲ ಎಂದು ಹೊರಗೆ ಹೇಳುವುದು ನಮ್ಮಲ್ಲಿ ಆಕೆಯನ್ನು ಮೂಲೆಗೆ ಕೂರಿಸಿದ ಹಾಗೆ. ಅದಕ್ಕೇ ಅತ್ತೆ ಶಾಖೆಯಲ್ಲಿ ನನ್ನ ಸುದ್ದಿ ಎತ್ತುತ್ತಿರಲಿಲ್ಲ. ಒಮ್ಮೆ ಯಾರೋ "ಸೊಸಿ ಚಲೋ ಕಟ್ಟತಾಳ ಅಲ್ರಿ" ಎಂದದ್ದಕ್ಕೆ "ಅಕೀಗೆಲ್ಲಿ ಬರತೈತಿ, ಎಲ್ಲಾ ನಂದ" ಎಂದಿದ್ದರಂತೆ. ಅದು ನನ್ನ ಕಿವಿಗೆ ಬಿದ್ದ ದಿನ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಬೇಕೆಂದೇ ಹಾಕಿದೆ. ಅವರು ಮಾತಾಡದೆ ಉಂಡರು.

ಶಾಖೆ ಮುಚ್ಚಿ ಒಂದು ತಿಂಗಳಾಗಿರಬೇಕು, ಮಹಿಳಾ ಸಂಘದವರು ಮನೆಮನೆಗೆ ಬಂದರು. ಕೆಲಸ ಹೋದವರಿಗಾಗಿ ಉದ್ಯೋಗ ಸಹಾಯ ಕೇಂದ್ರದವರು ಮೂರು ತಿಂಗಳು ಹೊಲಿಗೆ ಕಲಿಸುತ್ತಾರೆ, ಕರೆಂಟಿನ ಮೇಲೆ ಓಡುವ ದೊಡ್ಡ ಮಶೀನು. ಜಾಗಕ್ಕೆಂದು ಜೈನ ಸಮಾಜದವರು ಮದುವೆಗಳು ನಡೆಯುವ ತಮ್ಮ ಮಂಗಲ ಕಾರ್ಯಾಲಯ ಬಿಟ್ಟುಕೊಟ್ಟಿದ್ದಾರೆ, ಮೇಲೆ ಚಹಾ ಅವಲಕ್ಕಿ ಅವರದೇ. ಕಲಿತವರನ್ನು ಚಿಕ್ಕೋಡಿ ರಸ್ತೆಯಲ್ಲಿ ಹೊಸದಾಗಿ ತೆರೆಯುತ್ತಿರುವ ಹೊಲಿಗೆ ಶೆಡ್ಡಿಗೆ ತೆಗೆದುಕೊಳ್ಳುತ್ತಾರೆ. ಸೀಟು ಮಾತ್ರ ಶಾಖೆಯ ಪಟ್ಟಿಯಲ್ಲಿ ಹೆಸರಿದ್ದವರಿಗೆ.

ನನಗೆ ಆ ಸೀಟು ಬೇಕಿತ್ತು. ಮುಚ್ಚುಮರೆ ಏಕೆ, ಹೊಟ್ಟೆ ಹಸಿದವರಿಗೆ ರೊಟ್ಟಿ ಬೇಕಾದಂತೆ ಬೇಕಿತ್ತು. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಿ "ಕೆಲಸಕ್ಕ ಹೊಂಟೀನಿ" ಎಂದು ಹೇಳಿ ಹೊಸ್ತಿಲು ದಾಟಬೇಕು, ಅಷ್ಟೇ ನನ್ನ ಆಸೆ. ಪಟ್ಟಿ ಓದಿದರು. ಅದರಲ್ಲಿ ಅತ್ತೆಯ ಹೆಸರಿತ್ತು.

ಏನು ಮಾಡೋಣ ಎಂದು ಗಂಡನನ್ನು ಕೇಳಿದೆ. ಅವರು ತಂಬಾಕು ಕೂಡಿಡುವ ವಖಾರಿಯಲ್ಲಿ ಹಮಾಲರು. ಬಂಗಾರದಂಥ ಮನುಷ್ಯ, ದೇವರು ಮಾತು ಮಾತ್ರ ಕಡಿಮೆ ಕೊಟ್ಟಿದ್ದಾನೆ. "ನೋಡೂಣು" ಎಂದರು. ನಮ್ಮ ಮನೆಯಲ್ಲಿ ನೋಡೂಣು ಎಂದ ಕೆಲಸವನ್ನು ಯಾರೂ ಇವತ್ತಿನವರೆಗೆ ನೋಡಿಲ್ಲ.

ಹೊಲಿಗೆ ಶಿಬಿರದ ಮೊದಲ ದಿನದ ನೋಟ ನೆನೆದರೆ ಈಗಲೂ ನಗು ಬರುತ್ತದೆ. ಅವತ್ತು ಬರಲಿಲ್ಲ. ಕಾರ್ಯಾಲಯದ ಒಳಗೆ ಸಾಲಾಗಿ ಹೊಸ ಮಶೀನುಗಳು, ಅವುಗಳ ಮುಂದೆ ಓಣಿಯ ಅತ್ತೆಯರೆಲ್ಲ ಒಳ್ಳೆಯ ಸೀರೆ ಉಟ್ಟು ಬೀಗರ ಮನೆಗೆ ಬಂದವರ ಹಾಗೆ ಕುಳಿತಿದ್ದಾರೆ. ಒಬ್ಬರಿಗೆ ಕಿವಿ ಇಲ್ಲ, ಒಬ್ಬರಿಗೆ ಮೊಣಕಾಲು ಮಡಚುವುದಿಲ್ಲ, ಇನ್ನೊಬ್ಬರು ಮಶೀನಿಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಾರೆ. ಸೊಸೆಯಂದಿರು ನಾವು ಹೊರಗೆ, ಚಪ್ಪಲಿ ಬಿಟ್ಟ ಜಾಗದಲ್ಲಿ, ಕಿಟಕಿಗೆ ಮುಖ ಇಟ್ಟುಕೊಂಡು ನಿಂತಿದ್ದೇವೆ. ಕೇಂದ್ರದಿಂದ ಬಂದಾಕೆ ಹಾರೂಗೇರಿ ಕಡೆಯ ಹೆಣ್ಣುಮಗಳು, ಇನ್ನೂ ಸಣ್ಣ ವಯಸ್ಸು. ಪಟ್ಟಿ ನೋಡುವುದು, ಎದುರಿಗೆ ಕುಳಿತವರನ್ನು ನೋಡುವುದು, ಮತ್ತೆ ಪಟ್ಟಿ ನೋಡುವುದು ಮಾಡುತ್ತಿದ್ದಳು.

"ಅಮ್ಮಾರ, ಹೋದ ತಿಂಗಳ ತನಕ ನೀವೆಲ್ಲಾ ಬೀಡಿ ಕಟ್ಟೀರೇನ್ರಿ?"

"ಹೂಂನ್ರಿ" ಎಂದು ಎಲ್ಲರೂ ಒಂದೇ ದನಿಯಲ್ಲಿ ಅಂದರು. ನನ್ನ ಅತ್ತೆಯ ದನಿಯೂ ಕೇಳಿಸಿತು.

ಸೂಜಿಗೆ ದಾರ ಪೋಣಿಸುವುದರಿಂದ ಪಾಠ ಶುರುವಾಯಿತು. ಅತ್ತೆ ದಾರದ ತುದಿಯನ್ನು ನಾಲಿಗೆಗೆ ಹಚ್ಚಿ, ಕಣ್ಣು ಕಿರಿದು ಮಾಡಿ, ಸೂಜಿ ಇರುವ ಕಡೆ ಬಿಟ್ಟು ಅದರ ಪಕ್ಕದ ಗಾಳಿಯಲ್ಲಿ ಚುಚ್ಚುತ್ತ ಕುಳಿತರು. ಒಂದು ಸಲ, ಎರಡು ಸಲ, ಹತ್ತು ಸಲ. ಕಿಟಕಿಯ ಹೊರಗೆ ನಾನು ಹಲ್ಲು ಕಚ್ಚಿ ನಿಂತಿದ್ದೆ. ಸಿಟ್ಟೂ ಬರುತ್ತಿತ್ತು, ಓಡಿಹೋಗಿ ಆ ದಾರ ಪೋಣಿಸಿ ಕೊಡಬೇಕು ಎಂದೂ ಅನ್ನಿಸುತ್ತಿತ್ತು. ಎರಡೂ ಒಟ್ಟಿಗೆ ಬರುವುದು ಅತ್ತೆಯಂದಿರ ವಿಷಯದಲ್ಲಿ ಮಾತ್ರ ಇರಬೇಕು.

ಮಧ್ಯಾಹ್ನ ಆ ಮೇಡಂ ಹೊರಗೆ ಬಂದು ಮೆಲ್ಲಗೆ ಹೇಳಿದಳು. "ಹಿಂಗಾದರ ನಾ ಏನ್ ಬರೀಲಿ ಹೇಳ್ರಿ? ನಾಳಿಗೆ ಹೆಸರು ಕಳಸಬೇಕು. ಇಲ್ಲೆ ಸೀಟು ತುಂಬಲಿಲ್ಲಂದ್ರ ರಾಯಬಾಗ, ಅಥಣಿ ಕಡೆ ಹೋಗತಾವು. ಅಲ್ಲೆ ಮಗ್ಗ ನಿಂತು ಕೆಲಸ ಹ್ವಾದವರು ಕಾಯಾಕತ್ತಾರ." ತಪ್ಪೇನೂ ಇರಲಿಲ್ಲ ಅದರಲ್ಲಿ. ಅವರಿಗೂ ಹೊಟ್ಟೆ ಇದೆ. ನಾವು ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಹೇಳಿದರೆ ಒಳಗೆ ಕುಳಿತ ಹಿರಿಯಳು ಸುಳ್ಳುಗಾತಿ ಆಗುತ್ತಾಳೆ. ಯಾರೂ ಬಾಯಿ ತೆರೆಯಲಿಲ್ಲ. ಇಷ್ಟು ಮಾತಿನ ಮಲ್ಲಿ ನಾನೇ ತೆರೆಯಲಿಲ್ಲ.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಪಾತ್ರೆಗಳಿವೆ. ಆ ಸಂಜೆ ನಾನು ಪಾತ್ರೆ ತಿಕ್ಕಿದ ಸದ್ದಿಗೆ ಮೂರನೆಯ ಮನೆಯವರು ಬಂದು ಏನಾಯಿತು ಎಂದು ಕೇಳಿ ಹೋದರು. ಅತ್ತೆ ಹೊಸ್ತಿಲಿಗೆ ಆತು ಕುಳಿತಿದ್ದರು. ಕೊನೆಗೆ ನಾನೇ ತಡೆಯಲಾರದೆ ಅಂದೆ.

"ಅತ್ತಿ, ನಿಮಗ ಸೂಜಿ ಕಾಣಂಗಿಲ್ಲ. ಆ ಸೀಟು ತಗೊಂಡ ಏನ್ ಮಾಡ್ತೀರಿ?"

"ಗೊತ್ತೈತಿ" ಎಂದರು.

"ಮತ್ತ ಒಂದ ಮಾತ ಹೇಳಾಕ ಏನ ಧಾಡಿ ನಿಮಗ? ನನ್ನ ಸೊಸಿ ಕಟ್ಟತಿದ್ದಳು ಅನ್ನಾಕ?"

 ಅವರು ಅಂದದ್ದು ಇಷ್ಟು. "ಬೀಡಿ ಕಟ್ಟಾಂಗಿಲ್ಲ ಅಂತ ಬರಕೊಂಡರ ಕಾರ್ಡ ಕಸಗೊಂತಾರಂತ. ಕಾರ್ಡ ಹ್ವಾದರ ದವಾಖಾನಿ ಇಲ್ಲ. ಎಡಗಣ್ಣ ಪೂರಾ ಹೋಗೇತಿ. ಬಲಗಣ್ಣರ ಉಳೀತೈತೇನು ಅಂತ ದೀಪಾವಳಿ ಆದಮ್ಯಾಲ ಆಪರೇಶನ್‌ಗೆ ಬಾ ಅಂದಾರ."

ಎಡಗಣ್ಣು ಪೂರ್ತಿ ಹೋಗಿದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷ ಒಂದೇ ಒಲೆಯ ಮುಂದೆ ಕುಳಿತವಳಿಗೆ ಗೊತ್ತಿರಲಿಲ್ಲ. ಅವರು ಮುಖ ಓರೆ ಮಾಡಿ ಬಲಗಣ್ಣಿನಿಂದಲೇ ನನ್ನನ್ನು ನೋಡುತ್ತಿದ್ದುದನ್ನು ನಾನು ಬಿಂಕ ಎಂದು ತಿಳಿದಿದ್ದೆ. ಕೈಯಲ್ಲಿದ್ದ ತಂಬಿಗೆಯನ್ನು ಸದ್ದಾಗದಂತೆ ಕೆಳಗಿಟ್ಟೆ. ಸೀಟು ಹಾಳಾಗಿ ಹೋಗಲಿ, ಇವರ ಕಣ್ಣಿಗಿಂತ ಹೆಚ್ಚಿನದಲ್ಲ ಎಂದು ಆ ಕ್ಷಣಕ್ಕೆ ಮನಸ್ಸಿನಲ್ಲೇ ಬಿಟ್ಟುಕೊಟ್ಟೆ. "ಊಟಕ್ಕ ಏಳ್ರಿ, ನಾಳಿ ನಾವು ಹೋಗೂದ ಬ್ಯಾಡ" ಎಂದೆ. ಆದರೆ ಬಿಟ್ಟುಕೊಟ್ಟದ್ದು ನಗುನಗುತ್ತಲ್ಲ, ಆ ಸುಳ್ಳು ಹೇಳಲಾರೆ. 

ಬೆಳಿಗ್ಗೆ ನಾನು ಹಿಟ್ಟು ನಾದುತ್ತಿದ್ದಾಗ ಅತ್ತೆ ಕಚ್ಚೆ ಹಾಕಿ ಸೀರೆ ಉಟ್ಟು, ಕಾರ್ಡನ್ನು ಸೊಂಟದ ಚೀಲದಲ್ಲಿಟ್ಟು ಬಾಗಿಲಲ್ಲಿ ನಿಂತಿದ್ದರು. "ಹಿಟ್ಟ ಮುಚ್ಚಿಡು. ನಡಿ" ಎಂದರು. ಎಲ್ಲಿಗೆ ಎಂದು ಕೇಳಿದರೆ ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ನನ್ನ ಮುಂದೆಯೇ ನಡೆದರು, ಒಂದೇ ಕಣ್ಣಿನಲ್ಲಿ, ಗಟಾರು ತಪ್ಪಿಸಿಕೊಂಡು. ಕೈ ಹಿಡಿಯಲು ಹೋದರೆ ಕೊಸರಿಕೊಂಡರು.

ಕಾರ್ಯಾಲಯದಲ್ಲಿ ಅವತ್ತು ಶಾಖೆಯ ಚೆಕ್ಕರನೂ ಇದ್ದ. ಪಟ್ಟಿಯಲ್ಲಿನ ಜನರ ಗುರುತು ಹೇಳಲೆಂದು ಮೇಡಂ ಕರೆಸಿದ್ದಳು. ಚೆಕ್ಕರ್ ಎಂದರೆ ನಾವು ಕಟ್ಟಿದ ಬೀಡಿಯನ್ನು ಮುಷ್ಟಿಯಲ್ಲಿ ತಿರುಗಿಸಿ ನೋಡಿ, ಕೆಟ್ಟದ್ದನ್ನು ಆರಿಸಿ ಎಸೆಯುವವನು. ಅವನು ಎಸೆದದ್ದನ್ನು ಛಾಟ ಎನ್ನುತ್ತಿದ್ದರು. ಓಣಿಯಲ್ಲಿ ಅವನಿಗೆ ಶಾಪ ಹಾಕದ ಹೆಂಗಸಿರಲಿಲ್ಲ. ನಾನೂ ಹಾಕಿದ್ದೇನೆ, ಮುಖವನ್ನೇ ನೋಡದೆ. ನೋಡಿದರೆ ದಪ್ಪ ಕನ್ನಡಕದ ಸಣಕಲು ಮನುಷ್ಯ. ಅವನ ಕೆಲಸವೂ ಹೋಗಿತ್ತು.

ಅತ್ತೆ ನೇರವಾಗಿ ಮೇಜಿನ ಮುಂದೆ ಹೋಗಿ ಕಾರ್ಡು ಇಟ್ಟರು.

"ಈ ಕಾರ್ಡ ನಂದ್ರಿ. ಬೀಡಿ ನಂದಲ್ಲ. ನನ್ನ ಸೊಸೀದು."

 ಮೇಡಂ ಪೆನ್ನು ಕೆಳಗಿಟ್ಟಳು. "ಅಮ್ಮಾರ, ನಿನ್ನಿ ನೀವ ಕಟ್ಟತೀನಿ ಅಂದ್ರಿ. ಇವತ್ತ ಸೊಸಿ ಅಂತೀರಿ. ಸೀಟಿನ ಸಲುವಾಗಿ ಹೇಳಾಕತ್ತೀರಿ ಅಂತ ನಾಳಿ ನನ್ನ ಕೇಳಿದರ ನಾ ಏನ್ ಹೇಳ್ಲಿ? ಯಾರರ ಸಾಕ್ಷಿ ಅದಾರ?"

ಸಾಕ್ಷಿ ಹೇಳುವವರು ಯಾರು? ಓಣಿಯ ಹೆಂಗಸರೆಲ್ಲ ಅದೇ ತಪ್ಪಿನವರು. ನಾನು ಅತ್ತೆಯ ಹಿಂದೆ ನಿಂತು ನೆಲ ನೋಡುತ್ತಿದ್ದೆ. ಆಗ ಚೆಕ್ಕರ್ ಕೆಮ್ಮಿದ. "ಎಲಿ ಅದಾವೇನ ಯಾರ ಕಡೆಯರ?" ಎಂದ. ಮೂಲೆಯಲ್ಲಿದ್ದ ಒಬ್ಬ ಮುದುಕಿ ಸೊಂಟದ ಚೀಲದಿಂದ ನಾಲ್ಕು ಕತ್ತರಿಸಿದ ಎಲೆ, ಚಿಟಿಕೆ ತಂಬಾಕು, ತುಂಡು ನೂಲು ತೆಗೆದಳು. ಶಾಖೆ ಮುಚ್ಚಿ ತಿಂಗಳು ಕಳೆದರೂ ಅದನ್ನು ಕಟ್ಟಿಕೊಂಡು ತಿರುಗುತ್ತಿದ್ದಳು ಪುಣ್ಯಾತ್ಗಿತ್ತಿ. ಜೈನ ಸಮಾಜದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಅವರ ಕಾರ್ಯಾಲಯದಲ್ಲಿ ತಂಬಾಕು ಒಳಗೆ ತರುವಂತಿಲ್ಲ. ಒಂದು ಗಳಿಗೆ ನೋಡಿದರು. "ಹೊರಗ ಕಟ್ಟೀ ಮ್ಯಾಲ ಮಾಡ್ರಿ. ನಾನೂ ಬರ್ತೀನಿ" ಎಂದರು. ಎಲ್ಲರೂ ಹೊರಗೆ ಬಂದೆವು.

ಕಟ್ಟೆಯ ಮೇಲೆ ಕುಳಿತು ಒಂದು ಬೀಡಿ ಕಟ್ಟಿದೆ. ಎಲೆ ಒಣಗಿತ್ತು, ಆದರೂ ಸುರುಳಿ ಕೂತಿತು. ಚೆಕ್ಕರ್ ಅದನ್ನು ತೆಗೆದುಕೊಂಡು ಮೇಡಂ ಕೈಯಲ್ಲಿಟ್ಟ.

"ನೋಡ್ರಿ ಮೇಡಂ, ಉಲ್ಟಾ ಸುತ್ತೇತಿ. ಈ ಹೆಣ್ಮಗಳು ಎಡಚಿ. ಊರ ಮಂದಿ ಎಲ್ಲಾ ಬಲಕ್ಕ ಸುತ್ತತಾರ, ಇಕೀದ ಒಂದ ಎಡಕ್ಕ. ಈ ಕಾರ್ಡಿನ ಬೀಡಿ ಹದಿನಾಕ ವರ್ಷ ಉಲ್ಟಾನ ಬಂದಾವು. ಮುದುಕೀದು ಬಲಗೈ."

ಹೌದು, ನಾನು ಎಡಚಿ. ಅದನ್ನು ಇಲ್ಲಿಯವರೆಗೆ ಹೇಳಲಿಲ್ಲವೇಕೆಂದರೆ ಹೇಳುವಂಥದ್ದು ಎಂದು ನನಗೇ ಅನ್ನಿಸಿರಲಿಲ್ಲ. ಬೀಡಿಯ ಸುರುಳಿ ಎತ್ತ ತಿರುಗಿದೆ ಎಂದು ಯಾರು ನೋಡುತ್ತಾರೆ? ಅವನು ನೋಡಿದ್ದ.

"ಅಂದ್ರ ಗೊತ್ತಿತ್ತೇನು ನಿಮಗ?" ಎಂದು ಅತ್ತೆ ಬಾಯಿ ಬಿಟ್ಟುಕೊಂಡು ಕೇಳಿದರು.

"ಮೊದಲನೇ ವಾರದಾಗ ಗೊತ್ತಾತು ಯವ್ವಾ."

"ಮತ್ತ ಒಂದ ದಿನಾನೂ ಅನಲಿಲ್ಲಲ್ರಿ?"

"ಏನಂತ ಅನ್ಲಿ? ಬೀಡಿ ಚಲೋ ಇದ್ದವು. ಚಲೋ ಬೀಡಿನ ಛಾಟ ಹೆಂಗ ಹಾಕಲಿ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಕಾರ್ಯಾಲಯದ ಹಿರಿಯರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ, ಹದಿನಾಲ್ಕು ವರ್ಷ ಅಷ್ಟು ಜತನದಿಂದ ಮುಚ್ಚಿಟ್ಟ ಸುಳ್ಳು ಎದುರಿನವನಿಗೆ ಮೊದಲ ವಾರವೇ ಗೊತ್ತಿತ್ತು ಎಂಬ ಅವಮಾನಕ್ಕೆ. ಆಮೇಲೆ ಅತ್ತೆಯರು ಒಬ್ಬೊಬ್ಬರಾಗಿ ಎದ್ದು ತಮ್ಮ ಮನೆಯಲ್ಲೂ ಹಾಗೆಯೇ ಎಂದು ಒಪ್ಪಿಕೊಂಡರು. ಕಿವಿ ಇಲ್ಲದವರಿಗೆ ವಿಷಯ ತಿಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಚೆಕ್ಕರ್ ಒಂದೊಂದೇ ಕಾರ್ಡು ನೋಡಿ ಆ ಮನೆಯ ಸೊಸೆಯ ಕೈಯ ಗುರುತು ಹೇಳುತ್ತ ಹೋದ. ಒಬ್ಬಳು ತುದಿಯನ್ನು ಎರಡು ಮಡಿಕೆ ಮಡಚುವವಳು, ಇನ್ನೊಬ್ಬಳು ನೂಲು ಬಿಗಿಯಾಗಿ ಎಳೆದು ಎಲೆ ಹರಿಯುವವಳು. ನಮ್ಮ ಮುಖಗಳನ್ನು ಅವನು ಕಂಡಿರಲಿಲ್ಲ, ಕೈಗಳು ಮಾತ್ರ ಅವನಿಗೆ ಪರಿಚಯ. ಶಾಪ ಹಾಕಿದ್ದಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮೇಡಂ ಮತ್ತೆ ಮೇಜಿಗೆ ಹೋಗಿ ನನ್ನ ಹೆಸರಿಗೆ ಅರ್ಜಿ ತೆಗೆದಳು. ಕಾರ್ಡು ಹೋದರೆ ಅತ್ತೆಯ ಕಣ್ಣಿನ ಆಪರೇಶನ್ ಗತಿ ಏನು ಎಂದು ನಾನು ಕೇಳಿದೆ. ಬರೆಯುವ ಮೊದಲು ಅತ್ತೆಯ ಕಡೆ ನೋಡಿ, ಕಾರ್ಡಿನ ವಿಷಯ ಬೇರೆ ಇಲಾಖೆಯದು, ಉಳಿಯುತ್ತದೋ ಇಲ್ಲವೋ ತಾನು ಹೇಳಲಾರೆ, ಕೇಳಿ ತಿಳಿಸುತ್ತೇನೆ ಎಂದಳು. ಸುಳ್ಳು ಭರವಸೆ ಕೊಡಲಿಲ್ಲ, ಅದು ನನಗೆ ಹಿಡಿಸಿತು. ಬಾಗಿಲಲ್ಲಿದ್ದ ಹಿರಿಯರು "ಕಣ್ಣಿನ ಚಿಂತಿ ನಮಗ ಬಿಡ್ರಿ. ನಮ್ಮ ಸಮಾಜದ್ದ ಕಣ್ಣಿನ ಶಿಬಿರ ಐತಿ ಮುಂದಿನ ತಿಂಗಳ" ಎಂದರು. ಆ ಕಣ್ಣಿನ ಆಪರೇಶನ್ ಮುಂದೆ ಅಲ್ಲಿಯೇ ಆಯಿತು. ಈಗ ಅತ್ತೆ ನನ್ನ ರೊಟ್ಟಿಯಲ್ಲಿ ಸುಟ್ಟ ಚುಕ್ಕೆ ಎಣಿಸುವಷ್ಟು ಚೆನ್ನಾಗಿ ಕಾಣುತ್ತಾರೆ.

ಆದರೆ ಅವತ್ತು ಅದ್ಯಾವುದೂ ನಮಗೆ ಗೊತ್ತಿರಲಿಲ್ಲ. ಅತ್ತೆ "ಕೇಳ್ರಿ, ಆಮ್ಯಾಲ ಕೇಳ್ರಿ. ಮೊದಲ ಇಕೀದು ಬರಕೊಳ್ರಿ" ಎಂದು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದರು.

ಹೆಸರು, ಊರು, ಓದು, ಎಲ್ಲ ನಾನು ಹೇಳಿದೆ. ಮೇಡಂ ಮುಂದಿನದಕ್ಕೆ ಬಂದಳು. "ಕೆಲಸದ ಅನುಭವ?"

ರೂಢಿಯಂತೆ ನನ್ನ ಬಾಯಿಗೆ ಬಂದದ್ದು ಅದೇ. "ಏನಿಲ್ರಿ, ಮನ್ಯಾಗ..."

"ಗಪ್ ಕುಂದರ" ಎಂದು ಅತ್ತೆ ಗದರಿದರು. ಮೇಡಂ ಕಡೆ ಬಾಗಿ, ಬೆರಳಿನಿಂದ ಆ ಕಾಗದವನ್ನು ಒತ್ತಿ ಹಿಡಿದರು. "ಹದಿನಾಕ ವರ್ಷ ಅಂತ ಬರೀರಿ. ಒಂದ ದಿನಾ ತಪ್ಪಿಸಿಲ್ಲ. ಹಡದ ಹನ್ನೆರಡ ದಿನಕ್ಕ ಮೊರ ಹಿಡದ ಕುಂತಾಳ. ಕೂಸು ಅಳತಿತ್ತು, ಎದಿ ಹಾಲ ಸೀರಿ ಮ್ಯಾಲ ಸೋರತಿತ್ತು. ಅಕೀ ಆಗಂಗಿಲ್ಲ ಅತ್ತಿ ಅಂದಳು. ನಾನ ಕುಂದರಿಸಿದೆ. ನಾನ. ಅದನ್ನೂ ಬರೀರಿ."

ಮೇಡಂ ಬರೆಯಲಿಲ್ಲ. ಅದನ್ನು ಬರೆಯುವ ಜಾಗ ಆ ಅರ್ಜಿಯಲ್ಲಿ ಇರಲಿಲ್ಲ. ಅತ್ತೆ ಕಾಗದದಿಂದ ಬೆರಳು ತೆಗೆಯದೆ ಕಾಯುತ್ತ ನಿಂತರು. ನಾನು ಅವರ ಇನ್ನೊಂದು ಕೈ ಹಿಡಿದುಕೊಂಡೆ, ಈ ಸಲ ಕೊಸರಿಕೊಳ್ಳಲಿಲ್ಲ. ಆ ಹನ್ನೆರಡನೆಯ ದಿನವನ್ನು ನಾನು ಯಾರಿಗೂ ಹೇಳಿರಲಿಲ್ಲ, ತೌರಿಗೂ ಹೇಳಿರಲಿಲ್ಲ. ಅವರು ಅದನ್ನು ಎಂದೋ ಮರೆತಿದ್ದಾರೆ ಎಂದುಕೊಂಡಿದ್ದೆ.